ಯೇತಿ ಕೈ ಬೀಸೋದು ಯಾವಾಗ?

ಫ್ಲಾರಿಡಾದ ಆರ್ಲ್ಯಾಂಡೊ ಹತ್ತಿರ, ಡಿಸ್ನಿಯವರ ಅನಿಮಲ್ ಕಿಂಗ್‌ಡಮ್ ಪಾರ್ಕಿನಲ್ಲಿ ಒಂದು ಹಿಮಾಲಯ ಇದೆ. ಎತ್ತರ 200 ಅಡಿಗೆ ಕೂದಲೆಳೆಯಷ್ಟು ಕಡಿಮೆ. 200 ಮುಟ್ಟಿದರೆ ವಿಮಾನಗಳಿಗೆ ಕಾಣಲಿ ಅಂತ ತುದಿಗೆ ದೀಪ ಹಾಕಬೇಕಾಗುತ್ತದೆ. ಹಿಮಾಲಯದ ನೆತ್ತಿಯಲ್ಲಿ ಮಿಣುಕುವ ದೀಪ ಚೆನ್ನಾಗಿರುವುದಿಲ್ಲ, ಅದಕ್ಕೇ ಅಲ್ಲಿಗೆ ನಿಲ್ಲಿಸಿದರು. ಅಷ್ಟು ಸೂಕ್ಷ್ಮ ನೋಡುವ ಜನ ಕಟ್ಟಿದ ಬೆಟ್ಟ ಅದು.

ಬೆಟ್ಟದ ಒಳಗೆ ಎಕ್ಸ್‌ಪೆಡಿಷನ್ ಎವರೆಸ್ಟ್ ಅನ್ನುವ ರೋಲರ್ ಕೋಸ್ಟರ್ ಓಡುತ್ತದೆ. 2006ರ ಏಪ್ರಿಲ್‌ನಲ್ಲಿ ಶುರುವಾದದ್ದು. ಕಥೆ ಇಷ್ಟೇ: ಚಹಾ ತೋಟದ ಹಳೇ ರೈಲು ನಮ್ಮನ್ನು ಹತ್ತಿಸಿಕೊಂಡು ಬೆಟ್ಟ ಏರುತ್ತದೆ. ಮೇಲೆ ಹೋದರೆ ಯಾರೋ ಹಳಿ ಕಿತ್ತು ಸುರುಳಿ ಸುತ್ತಿಟ್ಟಿದ್ದಾರೆ. ರೈಲು ಒಂದು ಕ್ಷಣ ನಿಂತು, ಕತ್ತಲಲ್ಲಿ ಹಿಂದಕ್ಕೆ ಜಾರುತ್ತದೆ. ಹಳಿ ಕಿತ್ತದ್ದು ಯೇತಿ, ಅಂದರೆ ಹಿಮಾಲಯದ ಕಥೆಗಳಲ್ಲಿ ಬರುವ ಹಿಮಮಾನವ. ಕೊನೇ ಸುತ್ತಿನಲ್ಲಿ ಆ ಯೇತಿ ನಮ್ಮ ತಲೆ ಮೇಲೆ ಬಗ್ಗಿ, ಕೈ ಬೀಸಿ ಹಿಡಿಯೋಕೆ ಬರಬೇಕು. ಸುಮಾರು 25 ಅಡಿಯ ಯಂತ್ರ. ಆ ಕಂಪನಿ ಅಲ್ಲಿಯವರೆಗೆ ಮಾಡಿದ್ದ ಗೊಂಬೆಗಳಲ್ಲೇ ಅತಿ ಜಟಿಲವಾದದ್ದರಲ್ಲಿ ಒಂದು.

ಶುರುವಾದ ಸ್ವಲ್ಪ ಕಾಲಕ್ಕೇ ಯೇತಿ ಕೈ ಬೀಸುವುದನ್ನು ಬಿಟ್ಟಿತು. ಅದರ ರಭಸಕ್ಕೆ ಅಡಿಪಾಯ ತಡೆಯಲಿಲ್ಲ ಅನ್ನುವುದು ಅಭಿಮಾನಿಗಳ ಬಾಯಲ್ಲಿ ಓಡಾಡುವ ಮಾತು. ಕಂಪನಿ ಬಿಡಿಸಿ ಹೇಳಿದ್ದು ಕಡಿಮೆ. ಆಮೇಲೆ ಯಂತ್ರವನ್ನು ಹಾಗೇ ನಿಲ್ಲಿಸಿ, ಅದರ ಮೇಲೆ ಮಿಣಮಿಣ ಮಿಂಚುವ ಲೈಟು ಬಿಟ್ಟರು. ರೈಲು ಅದರ ಕೆಳಗೆ ಸರ್ರನೆ ಹಾದು ಹೋಗುವಾಗ ಯೇತಿ ಅಲ್ಲಾಡಿದ ಹಾಗೆ ಕಾಣುತ್ತದೆ. ಜನ ಅದಕ್ಕೆ 'ಡಿಸ್ಕೋ ಯೇತಿ' ಅಂತ ಹೆಸರಿಟ್ಟರು. ಬೆಟ್ಟದ ವಿನ್ಯಾಸ ಮಾಡಿದ ಜೋ ರೋಡಿ 2013ರಲ್ಲಿ ಅಭಿಮಾನಿಗಳ ಸಭೆಯೊಂದರಲ್ಲಿ, ಒಂದಲ್ಲ ಒಂದು ದಿನ ಯೇತಿಯನ್ನು ಸರಿ ಮಾಡೇ ಮಾಡುತ್ತೇನೆ ಅಂತ ಮಾತು ಕೊಟ್ಟರು. 2021ರಲ್ಲಿ ಅವರು ನಿವೃತ್ತಿ ಆದರು. ಯೇತಿ ಇನ್ನೂ ಕೈ ಎತ್ತಿಕೊಂಡು ಹಾಗೇ ನಿಂತಿದೆ.

ನಾನು ಟ್ಯಾಂಪಾ ಕಡೆ ಇರುವವನು. ಐ-4 ಹೆದ್ದಾರಿಯಲ್ಲಿ ಒಂದೂವರೆ ಗಂಟೆ ಹೋದರೆ ಈ ಪಾರ್ಕುಗಳು. ಊರಿನಿಂದ ಯಾರೇ ಬಂದರೂ ಕರೆದುಕೊಂಡು ಹೋಗುವುದು ಇಲ್ಲಿನ ಕನ್ನಡಿಗರಿಗೆ ಅಲಿಖಿತ ಕರ್ತವ್ಯ. ವಾಪಸ್ ಬರುವಾಗ ಕಾರಿನಲ್ಲಿ ಮಕ್ಕಳು ನಿದ್ದೆ ಹೋದ ಮೇಲೆ ದೊಡ್ಡವರ ವಾದ ಶುರು. ಆ ಕ್ಯೂ ಯಾಕೆ ಹಾಗಿತ್ತು, ಆ ಆ್ಯಪ್ ಯಾಕೆ ಹೀಗೆ, ಇಷ್ಟು ದುಡ್ಡು ತಗೊಂಡು ಇವರು ಮಾಡೋದೇನು. ಇಂಥ ವಾದ ಮಾಡುವವರು ನಾವಷ್ಟೇ ಅಲ್ಲ. ಡಿಸ್ನಿ ಪಾರ್ಕುಗಳಿಗೆ ಇರುವಷ್ಟು ಜಗಳಗಂಟ ಅಭಿಮಾನಿಗಳು ಬೇರೆ ಯಾವ ಪಾರ್ಕಿಗೂ ಇಲ್ಲ ಅಂತ ನನ್ನ ಅನಿಸಿಕೆ. ಬಲ್ಬು ಸುಟ್ಟರೆ ಲೆಕ್ಕ ಇಡುತ್ತಾರೆ, ಕಸದ ಡಬ್ಬಿ ಜರುಗಿದರೆ ಫೋಟೋ ತೆಗೆಯುತ್ತಾರೆ.

ಈ ವಾದಗಳಲ್ಲಿ ನಾನು ಕಂಡ ಹಾಗೆ ಎರಡು ಪಂಗಡ. ಒಂದು, ಬೇಗ ಬಿಡುವ ಸಾಲಿಗೆ ಫೋನಿನಲ್ಲೇ ಗುರುತು ಹಾಕುವ ಆ್ಯಪ್ ಸರಿ ಮಾಡಿ ಅನ್ನುವವರದು. ಇನ್ನೊಂದು, ಯೇತಿ ಸರಿ ಮಾಡಿ ಅನ್ನುವವರದು. ಮೊದಲನೇ ಪಂಗಡದ ಗದ್ದಲ ಜಾಸ್ತಿ. ನಾನು ಎರಡನೆಯದಕ್ಕೆ ಸೇರಿದವನು.

ಆ್ಯಪ್ ಪಂಗಡದ ದುಃಖ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಶುರುವಾದಾಗ ಒಳಗೆ ಹೋಗೋಕೆ ಒಂದು ಟಿಕೆಟ್, ಆಟಗಳಿಗೆ ಬೇರೆ ಟಿಕೆಟ್. ಕೆಲವೇ ತಿಂಗಳಲ್ಲಿ ಎ, ಬಿ, ಸಿ ಅಂತ ದರ್ಜೆಗಳು ಬಂದವು. ಆಮೇಲೆ ಡಿ ಬಂತು, 1959ರಲ್ಲಿ ಎಲ್ಲಕ್ಕಿಂತ ದೊಡ್ಡ ಆಟಗಳಿಗೆ ಇ ಟಿಕೆಟ್. ಜನ ಮಕ್ಕಳ ಆಟದ ಎ ಟಿಕೆಟ್ಟುಗಳನ್ನು ಖರ್ಚು ಮಾಡದೆ ವರ್ಷಗಟ್ಟಲೆ ಡ್ರಾಯರಿನಲ್ಲಿ ಇಟ್ಟುಕೊಂಡಿರುತ್ತಿದ್ದರು. 1982ರಲ್ಲಿ ಆ ಪದ್ಧತಿ ಹೋಯಿತು. ಬಾಗಿಲಲ್ಲಿ ಒಮ್ಮೆ ದುಡ್ಡು ಕೊಟ್ಟರೆ ಎಲ್ಲವೂ ನಿಮ್ಮದು. ಅಲ್ಲಿಂದ ಬೆಲೆ ಅಂದರೆ ಕಾಯುವ ಹೊತ್ತು ಅಂತ ಆಯಿತು.

1999ರಲ್ಲಿ ಫಾಸ್ಟ್‌ಪಾಸ್ ಬಂತು. ಆಟದ ಮುಂದಿರುವ ಯಂತ್ರಕ್ಕೆ ಟಿಕೆಟ್ ತೂರಿಸಿದರೆ ಒಂದು ಚೀಟಿ ಬರುತ್ತಿತ್ತು: ಮಧ್ಯಾಹ್ನ ಇಷ್ಟರಿಂದ ಇಷ್ಟು ಗಂಟೆಯೊಳಗೆ ಬನ್ನಿ, ಬೇರೆ ಸಾಲಿನಲ್ಲಿ ಬೇಗ ಬಿಡುತ್ತೇವೆ. ಪುಕ್ಕಟೆ. ನಿಂತು ಕಾಯುವ ಬದಲು ಅಂಗಡಿಯಲ್ಲಿ ಸುತ್ತುತ್ತಾ ಕಾಯಿರಿ ಅನ್ನುವುದು ಅದರ ಹಿಂದಿನ ಲೆಕ್ಕ. 2013ರ ಸುಮಾರಿಗೆ ಅದಕ್ಕೆ ಕಂಪ್ಯೂಟರ್ ಮದುವೆ ಮಾಡಿಸಿದರು. ಸುಮಾರು 100 ಕೋಟಿ ಡಾಲರ್ ಸುರಿದು ತಂದ ವ್ಯವಸ್ಥೆ ಅಂತ ಆಗ ಪತ್ರಿಕೆಗಳೆಲ್ಲ ಬರೆದವು. ಕೈಗೆ ರಬ್ಬರ್ ಪಟ್ಟಿಯ ಮ್ಯಾಜಿಕ್‌ಬ್ಯಾಂಡ್. ಅದರಲ್ಲೇ ರೂಮಿನ ಬೀಗ, ಅದರಲ್ಲೇ ಟಿಕೆಟ್, ಅದರಲ್ಲೇ ಊಟದ ಬಿಲ್ಲು. ಯಾವ ಆಟ ಎಷ್ಟು ಗಂಟೆಗೆ ಅಂತ ಮನೆಯಲ್ಲಿ ಕೂತೇ ಮೊದಲೇ ಗುರುತು ಹಾಕಬಹುದು. ಅವರದೇ ಹೋಟೆಲಿನಲ್ಲಿ ಉಳಿದವರಿಗೆ 60 ದಿನ ಮೊದಲು, ಉಳಿದವರಿಗೆ 30 ದಿನ ಮೊದಲು.

ಕೋವಿಡ್ ಬಂದು ಪಾರ್ಕು ಮುಚ್ಚಿ, 2020ರ ಜುಲೈನಲ್ಲಿ ತೆರೆದಾಗ ಈ ಪುಕ್ಕಟೆ ಸೌಲಭ್ಯ ನಿಂತಿತ್ತು. ಮತ್ತೆ ಬರಲೇ ಇಲ್ಲ. 2021ರ ಅಕ್ಟೋಬರಿನಲ್ಲಿ ಅದೇ ಬೇಗ ಬಿಡುವ ಸಾಲಿಗೆ ಆ್ಯಪ್‌ನಲ್ಲಿ ದುಡ್ಡು ಕೊಡಬೇಕಾದ ಜೀನಿ ಪ್ಲಸ್ ಅಂತ ಬಂತು, ಫ್ಲಾರಿಡಾದಲ್ಲಿ ತಲೆಗೆ ದಿನಕ್ಕೆ 15 ಡಾಲರ್. ವರ್ಷ ತುಂಬುವುದರೊಳಗೆ ದಿನಕ್ಕೊಂದು ರೇಟು ಆಯಿತು, ಆಮೇಲೆ ಹಬ್ಬದ ದಿನ 30 ಡಾಲರ್ ದಾಟಿತು. 2024ರ ಜುಲೈನಲ್ಲಿ ಅದರ ಹೆಸರು ಬದಲಾಯಿತು, ಲೈಟ್ನಿಂಗ್ ಲೇನ್ ಮಲ್ಟಿ ಪಾಸ್. ಅದೇ ವರ್ಷ ಪ್ರೀಮಿಯರ್ ಪಾಸ್ ಅನ್ನುವುದೂ ಬಂತು. ಗಂಟೆ, ಗುರುತು ಯಾವುದೂ ಬೇಡ, ಯಾವಾಗ ಬೇಕಾದರೂ ನುಗ್ಗಿ. ಬೆಲೆ ಮಾತ್ರ ತಲೆಗೆ ನೂರಾರು ಡಾಲರ್, ಅದೂ ಟಿಕೆಟ್ ಬಿಟ್ಟು. ನೂಕುನುಗ್ಗಲಿನ ದಿನಗಳಲ್ಲಿ ಬರೀ ಟಿಕೆಟ್ಟೇ ಈಗ 200 ಡಾಲರ್ ದಾಟಿದೆ. 2015ರಲ್ಲಿ ಮೊದಲ ಸಲ 100 ದಾಟಿದಾಗ ಜನ ಹೌಹಾರಿದ್ದರು.

ನಮ್ಮವರಿಗೆ ಇದನ್ನು ಇಷ್ಟೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ತಿರುಪತಿ ಅಂದರೆ ಸಾಕು. ಸರ್ವದರ್ಶನದ ಕಂಪಾರ್ಟ್‌ಮೆಂಟಿನಲ್ಲಿ ಗಂಟೆಗಟ್ಟಲೆ ಕೂತವರು, 300 ರೂಪಾಯಿ ಟಿಕೆಟ್ಟನ್ನು ಆನ್‌ಲೈನಿನಲ್ಲಿ ಬಿಟ್ಟ ನಿಮಿಷಕ್ಕೇ ಹಿಡಿಯಲು ಮನೆಮಂದಿಯೆಲ್ಲ ನಾಲ್ಕು ಫೋನು ಇಟ್ಟುಕೊಂಡು ಕೂತವರು, ಬ್ರೇಕ್ ದರ್ಶನಕ್ಕೆ ಯಾರದೋ ಪತ್ರ ಹಿಡಿದು ಬಂದವರು. ಕೊನೆಗೆ ಎಲ್ಲರೂ ನೋಡುವುದು ಅದೇ ಗರ್ಭಗುಡಿ. ಒಂದು ನಿಮಿಷಕ್ಕೆ ಆ ಬಾಗಿಲ ಮುಂದೆ ಎಷ್ಟು ಜನ ಹಾದು ಹೋಗಬಹುದೋ ಅಷ್ಟೇ. ಒಬ್ಬರನ್ನು ಬೇಗ ಬಿಟ್ಟರೆ ಇನ್ನೊಬ್ಬರು ತಡ. ಯಾವ ಟೋಕನ್ನೂ ಆ ಬಾಗಿಲನ್ನು ಅಗಲ ಮಾಡುವುದಿಲ್ಲ.

ಅನಿಮಲ್ ಕಿಂಗ್‌ಡಮ್‌ನ ಆ ಹಿಮಾಲಯಕ್ಕೂ ಇದೇ ಲೆಕ್ಕ. ಒಂದು ರೈಲಿಗೆ 34 ಸೀಟು. ಎಲ್ಲ ಸರಿಯಾಗಿ ನಡೆದರೆ ಗಂಟೆಗೆ ಸುಮಾರು 2,000 ಜನ, ಅಂದರೆ ಹತ್ತಿರ ಹತ್ತಿರ ನಿಮಿಷಕ್ಕೊಂದು ರೈಲು. ಸ್ಟೇಷನ್ನಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ, ಇಡೀ ಪಾರ್ಕಿನ ಮರ್ಮ ಅಲ್ಲಿದೆ. ಒಬ್ಬ ಹುಡುಗಿ ಸಾಲಿನ ತಲೆಯಲ್ಲಿ ನಿಂತು "ಎಷ್ಟು ಜನ?" ಅಂತ ಕೇಳುತ್ತಾಳೆ. ನೀವು ಬೆರಳು ತೋರಿಸುವುದರೊಳಗೆ ಅವಳ ಬಾಯಿಂದ ಸಾಲಿನ ನಂಬರು ಬಂದಿರುತ್ತದೆ. ಮೂರು ಜನ ಇದ್ದರೆ ಒಂದು ಸೀಟು ಖಾಲಿ, ಆ ಖಾಲಿಗೆ ಒಂಟಿ ಸವಾರರ ಸಾಲಿನಿಂದ ಒಬ್ಬರನ್ನು ಎಳೆಯುತ್ತಾಳೆ. ಇನ್ನೊಬ್ಬ ಹುಡುಗ ಮಡಿಲ ಮೇಲೆ ಬರುವ ಸರಳನ್ನು ಒಂದೊಂದಾಗಿ ಎಳೆದು ನೋಡಿ ಹೆಬ್ಬೆರಳು ಎತ್ತುತ್ತಾನೆ. ಯಾರೋ ಬ್ಯಾಗನ್ನು ಎಲ್ಲಿಡೋದು ಅಂತ ತಡಕಾಡುತ್ತಾರೆ. ಯಾರದೋ ಚಪ್ಪಲಿ ಜಾರುತ್ತದೆ. ನಿಮಿಷಕ್ಕೆ ಬದಲು ಒಂದು ನಿಮಿಷ ಹತ್ತು ಸೆಕೆಂಡಿಗೆ ಒಂದು ರೈಲು ಹೊರಟರೆ ಗಂಟೆಗೆ ಸುಮಾರು 300 ಜನ ಕಡಿಮೆ. ಎಲ್ಲರ ಫೋನಿನಲ್ಲಿ ಕಾಯುವ ಹೊತ್ತು 40 ನಿಮಿಷದಿಂದ 55ಕ್ಕೆ ಏರುವುದು ಇಂಥ ಕಡೆ.

ಇನ್ನು ಕೆಲವು ಆಟಗಳಲ್ಲಿ ಬಂಡಿಗಳು ನಿಲ್ಲುವುದೇ ಇಲ್ಲ. ಹಾಂಟೆಡ್ ಮ್ಯಾನ್ಶನ್ ಅನ್ನುವ ದೆವ್ವದ ಮನೆಯಲ್ಲಿ ಗಾಡಿಗಳು ಸರಪಳಿಯಂತೆ ಸಾಗುತ್ತಲೇ ಇರುತ್ತವೆ, ನೀವು ನಡೆಯುತ್ತಾ ಹತ್ತಬೇಕು. 1969ರ ತಲೆಮಾರಿನ ಆಟ ಅದು. ಇವತ್ತಿಗೂ ಜನರನ್ನು ನುಂಗುವುದರಲ್ಲಿ ಅದರ ಮುಂದೆ ಎಷ್ಟೋ ಹೊಸ ಆಟಗಳು ಸೋಲುತ್ತವೆ. ಹೊಸದಾಗಿ ಬಂದ ರೈಸ್ ಆಫ್ ದ ರೆಸಿಸ್ಟೆನ್ಸ್ ಅದ್ಭುತ, ಒಪ್ಪುತ್ತೇನೆ. 2019ರ ಡಿಸೆಂಬರಿನಲ್ಲಿ ಶುರುವಾದಾಗ ಹಳಿಯೇ ಇಲ್ಲದೆ ಓಡುವ ಬಂಡಿ, ಒಂದು ಆಟದೊಳಗೆ ನಾಲ್ಕು ಆಟ. ಆದರೆ ಅಷ್ಟು ಅಂಗಾಂಗ ಇರುವ ಯಂತ್ರ ಆಗಾಗ ಕೆಟ್ಟು ಕೂರುತ್ತಿತ್ತು. ಜನರನ್ನು ಸಾಲಿನಲ್ಲಿ ನಿಲ್ಲಿಸುವ ಧೈರ್ಯ ಇಲ್ಲದೆ ಬೆಳಿಗ್ಗೆಯೇ ಫೋನಿನಲ್ಲಿ ಗುಂಪಿನ ನಂಬರು ಹಂಚುತ್ತಿದ್ದರು. ಆ ದಿನದ ನಂಬರುಗಳು ಕೆಲವೇ ನಿಮಿಷದಲ್ಲಿ ಖಾಲಿ. ಯಂತ್ರದ ತೊಂದರೆಯನ್ನು ಆ್ಯಪ್ ಹೊತ್ತುಕೊಂಡಿತು.

ಕಾರಿನಲ್ಲಿ ನನ್ನ ಜೊತೆ ಗುದ್ದಾಡುವ ಗೆಳೆಯನೊಬ್ಬ ಇದ್ದಾನೆ, ದಾವಣಗೆರೆಯವನು. ವಿಮಾನ ಟಿಕೆಟ್ ಬುಕಿಂಗ್ ಸಾಫ್ಟ್‌ವೇರ್ ಬರೆಯೋದು ಅವನ ಕೆಲಸ. "ಲೋ, ವಿಮಾನದಲ್ಲಿ ನಿನ್ನ ಪಕ್ಕದ ಸೀಟಿನವನು ನಿನಗಿಂತ ಅರ್ಧ ದುಡ್ಡು ಕೊಟ್ಟಿರ್ತಾನೆ. ಅಲ್ಲಿ ಸುಮ್ನೆ ಕೂರ್ತೀಯ. ಇಲ್ಲಿ ಮಾತ್ರ ಯಾಕೆ ಹೊಟ್ಟೆ ಉರಿ?" ಅಂತಾನೆ. ಮಾತು ತೆಗೆದುಹಾಕುವಂಥದ್ದಲ್ಲ. ಆದರೆ ವಿಮಾನದಲ್ಲಿ ಅವನು ಕಡಿಮೆ ಕೊಟ್ಟದ್ದಕ್ಕೆ ನಾನು ತಡವಾಗಿ ಇಳಿಯುವುದಿಲ್ಲ. ಇಲ್ಲಿ ಹಾಗಲ್ಲ. ಎರಡು ಸಾಲು ಕೂಡುವ ಜಾಗದಲ್ಲಿ ನಿಂತ ಹುಡುಗ ದುಡ್ಡು ಕೊಟ್ಟ ಸಾಲಿನಿಂದ ಹಿಂಡು ಹಿಂಡಾಗಿ ಬಿಟ್ಟು, ಮಾಮೂಲಿ ಸಾಲಿನಿಂದ ಒಂದು ಸಂಸಾರವನ್ನು ಬಿಡುತ್ತಾನೆ. ಬಿಸಿಲಿನಲ್ಲಿ ಮಗು ಎತ್ತಿಕೊಂಡು ನಿಂತ ತಾಯಿಗೆ ಆ ಹುಡುಗನ ಕೈ ಕಾಣುತ್ತದೆ. ಅಷ್ಟು ಹತ್ತಿರದಿಂದ ಕಂಡರೆ ಉರಿಯದೆ ಇರುತ್ತದಾ?

ಆದರೆ ಪುಕ್ಕಟೆ ಫಾಸ್ಟ್‌ಪಾಸ್ ವಾಪಸ್ ಕೊಡಿ ಅಂತ ಕಣ್ಣೀರಿಡುವ ಅಭಿಮಾನಿಗಳ ಮಾತನ್ನೂ ನಾನು ಒಪ್ಪುವುದಿಲ್ಲ. ಪುಕ್ಕಟೆ ಇದ್ದದ್ದು ಹೌದು, ಸಮಾನವಾಗಿ ಇರಲಿಲ್ಲ. 60 ದಿನ ಮೊದಲು ಬೆಳಿಗ್ಗೆ ಎದ್ದು ಕಂಪ್ಯೂಟರ್ ಮುಂದೆ ಕೂರುವ ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಅದು ಹಬ್ಬ. ರಜೆ ಯಾವಾಗ ಸಿಗುತ್ತದೆ ಅಂತಲೇ ಗೊತ್ತಿಲ್ಲದೆ ಶನಿವಾರ ಗೇಟಿಗೆ ಬಂದು ಟಿಕೆಟ್ ಕೊಳ್ಳುವ ಸಂಸಾರಕ್ಕೆ ಆಗಲೂ ಉಳಿದದ್ದು ಉದ್ದದ ಸಾಲೇ. ಆಗ ಬಿಡುವಿದ್ದವನು ಗೆದ್ದ, ಈಗ ದುಡ್ಡಿದ್ದವನು ಗೆಲ್ಲುತ್ತಾನೆ. ಸೋತವನು ಮಾತ್ರ ಎರಡೂ ಸಲ ಅವನೇ. ಅಭಿಮಾನಿಗಳಿಗೆ ಸಿಟ್ಟು ಬಂದದ್ದು ತಾವು ಗೆಲ್ಲುತ್ತಿದ್ದ ಆಟದ ನಿಯಮ ಬದಲಾಯಿತಲ್ಲ ಅಂತ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಅಷ್ಟು ಖರ್ಚಿನ ಆ ಮ್ಯಾಜಿಕ್‌ಬ್ಯಾಂಡ್ ವ್ಯವಸ್ಥೆ ಯಾರಿಗೆ ಕೆಲಸ ಮಾಡಿತು ಅನ್ನುವುದಕ್ಕೆ ಕಂಪನಿಯೇ ಒಂದು ಉತ್ತರ ಕೊಟ್ಟಿತ್ತು. 2014ರ ಶುರುವಿನಲ್ಲಿ ಹೂಡಿಕೆದಾರರ ಜೊತೆ ಮಾತಾಡುವಾಗ, ಕ್ರಿಸ್‌ಮಸ್ ಹೊತ್ತಿನ ಜನಜಂಗುಳಿಯಲ್ಲಿ ಈ ವ್ಯವಸ್ಥೆಯಿಂದಾಗಿ ಫ್ಲಾರಿಡಾದ ಅವರ ಇನ್ನೊಂದು ಪಾರ್ಕಾದ ಮ್ಯಾಜಿಕ್ ಕಿಂಗ್‌ಡಮ್ ಒಳಗೆ ದಿನಕ್ಕೆ 3,000 ಜನರನ್ನು ಹೆಚ್ಚಾಗಿ ಬಿಡಲು ಸಾಧ್ಯವಾಯಿತು ಅಂತ ಹೇಳಿಕೊಂಡರು. ಕಾಯುವುದು ಕಡಿಮೆಯಾಗಲಿ ಅಂತ ನಾವು ಪಟ್ಟಿ ಕಟ್ಟಿಕೊಂಡೆವು. ಅವರು ಆ ಜಾಗಕ್ಕೆ ಇನ್ನೂ 3,000 ಜನರನ್ನು ಬಿಟ್ಟರು. ವ್ಯಾಪಾರ ಅಂದಮೇಲೆ ಅದು ತಪ್ಪು ಅಂತ ನಾನು ಹೇಳಲಾರೆ. ಆದರೆ ಮುಂದಿನ ಸಲ ಹೊಸ ಆ್ಯಪ್ ಬಂದಾಗ ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಈ ಸಾಲುಗಳ ನಡುವೆ ನಿಜವಾಗಿ ಸಿಕ್ಕಿಹಾಕಿಕೊಂಡವರು ಅಂಗವಿಕಲರ ಮನೆಯವರು. ಮೊದಲು ಅವರಿಗೊಂದು ಸಹಾಯ ಕಾರ್ಡು ಇತ್ತು. ಕೆಲವು ಶ್ರೀಮಂತರು ಗಾಲಿಕುರ್ಚಿಯಲ್ಲಿರುವವರನ್ನು ಬಾಡಿಗೆಗೆ ಗೈಡ್ ಮಾಡಿಕೊಂಡು ಮುಂದೆ ನುಗ್ಗುತ್ತಿದ್ದಾರೆ ಅಂತ 2013ರಲ್ಲಿ ಸುದ್ದಿಯಾಯಿತು. ಅದೇ ವರ್ಷ ನಿಯಮ ಬದಲಾಯಿತು. ಫಾಸ್ಟ್‌ಪಾಸ್‌ಗೆ ದುಡ್ಡು ಹಾಕಿದ ಮೇಲೆ ಈ ಸೌಲಭ್ಯ ಕೇಳುವವರು ಮತ್ತೆ ಜಾಸ್ತಿಯಾದರು. 2024ರಲ್ಲಿ ಅದನ್ನು ಮುಖ್ಯವಾಗಿ ಆಟಿಸಂನಂಥ ಬೆಳವಣಿಗೆಯ ತೊಂದರೆ ಇರುವವರಿಗೆ ಅಂತ ಬಿಗಿ ಮಾಡಿದರು, ವಿಡಿಯೊ ಕರೆಯಲ್ಲಿ ಸಂದರ್ಶನ ಬೇರೆ. ಹೊಟ್ಟೆಯ ಕಾಯಿಲೆ ಇರುವವರು, ಬಿಸಿಲಿನಲ್ಲಿ ತುಂಬಾ ಹೊತ್ತು ನಿಲ್ಲಲಾಗದವರು ಹೊರಗೆ ಉಳಿದರು. ಸುಳ್ಳು ಹೇಳಿದವರು ಯಾರೋ, ಕಷ್ಟ ಬಂದದ್ದು ಇನ್ಯಾರಿಗೋ. ಇದರ ಬಗ್ಗೆ ಅಭಿಮಾನಿಗಳು ಒಬ್ಬರ ಮೇಲೊಬ್ಬರು ಹಾಯುವುದನ್ನು ನೋಡಿದರೆ ಬೇಜಾರಾಗುತ್ತದೆ. ನಿನ್ನ ಮಗನಿಗೆ ನಿಜವಾಗಿಯೂ ಕಾಯಿಲೆ ಇದೆಯಾ ಅಂತ ಗುರುತಿಲ್ಲದವರನ್ನು ಕೇಳುವ ಮಟ್ಟಕ್ಕೆ ಬಂದಿದೆ.

ಆಡಳಿತದ ಬಗ್ಗೆ ಮಾತಾಡಿದರೆ ಬಾಬ್ ಚೇಪೆಕ್ ಹೆಸರು ಬರದೆ ಇರುವುದಿಲ್ಲ. 2020ರ ಫೆಬ್ರವರಿಯಿಂದ 2022ರ ನವೆಂಬರ್‌ವರೆಗೆ ಕಂಪನಿಯ ಮುಖ್ಯಸ್ಥರಾಗಿದ್ದವರು. ಅವರ ಕಾಲದಲ್ಲಿ ಕಂಪನಿಯ ಹಣಕಾಸು ವರದಿಯಲ್ಲಿ ಡಿಸ್ನಿಲ್ಯಾಂಡಿಗೆ ಬರುವವರ 'ಪ್ರತಿಕೂಲ ಮಿಶ್ರಣ' ಅನ್ನುವ ಅರ್ಥದ ಮಾತು ಬಂತು. ವರ್ಷದ ಪಾಸು ಇಟ್ಟುಕೊಂಡು ಪದೇ ಪದೇ ಬರುವವರು ಜಾಸ್ತಿ, ಖರ್ಚು ಮಾಡುವ ಹೊಸಬರು ಕಡಿಮೆ ಅಂತ ತಾತ್ಪರ್ಯ. ಅಭಿಮಾನಿಗಳು ಅದೇ ಮಾತನ್ನು ಟಿ-ಶರ್ಟಿನ ಮೇಲೆ ಅಚ್ಚು ಹಾಕಿಸಿ ತೊಟ್ಟುಕೊಂಡು ಪಾರ್ಕಿಗೆ ಬಂದರು. ನನಗಂತೂ ತುಂಬಾ ಹಿಡಿಸಿತು. ಆಗಿನ ಹಣಕಾಸು ಮುಖ್ಯಸ್ಥೆ, ಊಟದ ಪ್ರಮಾಣ ಕಡಿಮೆ ಮಾಡಿದರೆ ಕೆಲವರ ಸೊಂಟದ ಸುತ್ತಳತೆಗೂ ಒಳ್ಳೆಯದು ಅನ್ನುವ ಧಾಟಿಯಲ್ಲಿ ಮಾತಾಡಿದ್ದರು. ನಮ್ಮ ಕಡೆ ಮದುವೆ ಊಟದಲ್ಲಿ ಯಾರಾದರೂ ಹಾಗೆ ಹೇಳಿ ನೋಡಲಿ! ಚೇಪೆಕ್‌ಗಿಂತ ಮೊದಲು ಮುಖ್ಯಸ್ಥರಾಗಿದ್ದ ಬಾಬ್ ಐಗರ್ ವಾಪಸ್ ಬಂದರು, ಜನ ಕುಣಿದರು, ಕೆಲವು ಬಿಗಿಗಳು ಸಡಿಲವಾದವು. ದುಡ್ಡು ಕೊಟ್ಟು ಮುಂದೆ ಹೋಗುವ ಸಾಲು ಮಾತ್ರ ಹೋಗಲಿಲ್ಲ. ಪ್ರೀಮಿಯರ್ ಪಾಸ್ ಬಂದದ್ದು ಐಗರ್ ಕಾಲದಲ್ಲೇ. ಒಬ್ಬ ಮನುಷ್ಯನನ್ನು ಬೈದುಕೊಂಡು ಸಮಾಧಾನಪಟ್ಟರೆ ಹೀಗೇ ಆಗೋದು.

ನನಗೆ ಇದಕ್ಕಿಂತ ದೊಡ್ಡ ಪಾಠ ಅನಿಸುವುದು 1990ರ ದಶಕದ ಕೊನೆಯ ಡಿಸ್ನಿಲ್ಯಾಂಡ್. ಆಗ ನಿರ್ವಹಣೆಯ ಖರ್ಚಿಗೆ ಕತ್ತರಿ ಬಿತ್ತು. ಕಟ್ಟಡಗಳ ಅಂಚಿನ ಬಲ್ಬುಗಳು ಸುಟ್ಟು ಹಾಗೇ ಇದ್ದವು, ಮರದ ಕಂಬಿಗಳ ಬಣ್ಣ ಹಪ್ಪಳದಂತೆ ಏಳುತ್ತಿತ್ತು. ಅಭಿಮಾನಿಗಳು ಒಂದೊಂದನ್ನೂ ಫೋಟೋ ತೆಗೆದು ಗಲಾಟೆ ಮಾಡಿದರು. ಬಲ್ಬಿನ ವಿಷಯಕ್ಕೆ ಇಷ್ಟೊಂದಾ ಅಂತ ನಕ್ಕವರೇ ಜಾಸ್ತಿ. 2003ರ ಸೆಪ್ಟೆಂಬರಿನಲ್ಲಿ ಅಲ್ಲಿನ ಬಿಗ್ ಥಂಡರ್ ಮೌಂಟನ್ ರೈಲು ಅಪಘಾತಕ್ಕೆ ಸಿಕ್ಕಿ 22 ವರ್ಷದ ಹುಡುಗನೊಬ್ಬ ಸತ್ತ. ಚಕ್ರದ ಜೋಡಣೆಯ ಬೋಲ್ಟುಗಳನ್ನು ಸರಿಯಾಗಿ ಬಿಗಿ ಮಾಡಿರಲಿಲ್ಲ, ಕೆಲಸ ಬಾಕಿ ಇದೆ ಅಂತ ಗುರುತು ಚೀಟಿ ಕಟ್ಟುವ ಪದ್ಧತಿ ಪಾಲಿಸಿರಲಿಲ್ಲ ಅಂತ ಸರ್ಕಾರಿ ತನಿಖೆ ಹೇಳಿತು. ಸುಟ್ಟ ಬಲ್ಬಿಗೂ ಸಡಿಲ ಬೋಲ್ಟಿಗೂ ನೇರ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಕಣ್ಣಿಗೆ ಕಾಣುವುದನ್ನೇ ಹೀಗೆ ಬಿಟ್ಟವರು ಕಾಣದ್ದನ್ನು ಹೇಗೆ ನೋಡಿಕೊಂಡಿರುತ್ತಾರೆ ಅನ್ನುವ ಪ್ರಶ್ನೆ ಆ ಬಲ್ಬಿನವರು ಮೊದಲೇ ಎತ್ತಿದ್ದರಲ್ಲ? ಆಮೇಲೆ ಡಿಸ್ನಿಲ್ಯಾಂಡಿನ ಮುಖ್ಯಸ್ಥರಾಗಿ ಮ್ಯಾಟ್ ವಿಮೆಟ್ ಅನ್ನುವವರು ಬಂದರು. 2005ರ ಐವತ್ತನೇ ವರ್ಷದ ಹಬ್ಬಕ್ಕೆ ಪಾರ್ಕನ್ನು ತಿಕ್ಕಿ, ತೊಳೆದು, ಬಣ್ಣ ಬಳಿಸಿ, ಆಟಗಳನ್ನು ಒಂದೊಂದಾಗಿ ಮುಚ್ಚಿ ದುರಸ್ತಿ ಮಾಡಿಸಿದರು. ಅವರು ಯಾವ ಹೊಸ ಆ್ಯಪ್ಪನ್ನೂ ತಂದವರಲ್ಲ. ಇವತ್ತಿಗೂ ಹಳೇ ಅಭಿಮಾನಿಗಳು ಅವರ ಹೆಸರು ಹೇಳಿದರೆ ಕರಗುತ್ತಾರೆ.

ಬಣ್ಣದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಅಮ್ಮ ಬಂದಾಗ ಅವರನ್ನು ಈ ಅನಿಮಲ್ ಕಿಂಗ್‌ಡಮ್‌ಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಏಷ್ಯಾ ಭಾಗಕ್ಕೆ ಆನಂದಪುರ ಅಂತ ಹೆಸರು, ಕಲ್ಪನೆಯ ಊರು. ಅಮ್ಮನ ತವರು ಸಾಗರದ ಕಡೆ. ಬೋರ್ಡು ಓದಿದವರೇ, "ಇದೇನೋ, ನಮ್ಮ ಆನಂದಪುರ ಇಲ್ಲಿಗೂ ಬಂತಾ!" ಅಂದರು. ಗೋಡೆಗಳಲ್ಲಿ ಹರಿದ ಜಾಹೀರಾತು, ತುಕ್ಕು ಹಿಡಿದ ಸೈಕಲ್ಲು, ಗಾರೆ ಉದುರಿದ ಕಟ್ಟೆ. ಅದೆಲ್ಲ ಬೇಕಂತಲೇ ಮಾಡಿದ್ದು, ಹೊಸ ಗೋಡೆಗೆ ಹಳೇ ಕಳೆ ಬರಲಿ ಅಂತ ಕೂಲಿ ಕೊಟ್ಟು ಮಾಡಿಸಿದ್ದು ಅಂದೆ. ಅಮ್ಮ ಗೋಡೆಯನ್ನು ಉಗುರಿನಿಂದ ಕೆರೆದು ನೋಡಿದರು. ಏನೂ ಉದುರಲಿಲ್ಲ. "ಪರವಾಗಿಲ್ಲ, ಗಟ್ಟಿ ಕೆಲಸ" ಅಂದರು. ಎವರೆಸ್ಟಿನ ಸಾಲಿನಲ್ಲೂ ಹಾಗೇ. ಪ್ರವಾಸ ಏಜೆಂಟರ ಕಚೇರಿ, ಗಂಟೆಗಳು ತೂಗುವ ಯೇತಿ ಗುಡಿ, ಯೇತಿಯ ಹೆಜ್ಜೆ ಅಚ್ಚು ಇಟ್ಟ ಸಣ್ಣ ಮ್ಯೂಸಿಯಂ. ಸಾಲಿನಲ್ಲಿ ನಿಂತವರಿಗೆ ಅಂತಲೇ ಇಷ್ಟು ಶ್ರದ್ಧೆಯಿಂದ ಮಾಡಿದ್ದು. ದುಡ್ಡು ಕೊಟ್ಟು ಬೇರೆ ಸಾಲಿನಲ್ಲಿ ನುಗ್ಗಿದವರಿಗೆ ಇದರಲ್ಲಿ ಮುಕ್ಕಾಲು ಪಾಲು ಕಾಣುವುದೇ ಇಲ್ಲ.

ಚೆನ್ನಾಗಿ ನಡೆಸಿ ತೋರಿಸಿ ಅಂದರೆ ಅಭಿಮಾನಿಗಳೆಲ್ಲ ಟೋಕಿಯೊ ಕಡೆ ಕೈ ತೋರಿಸುತ್ತಾರೆ. 1983ರಲ್ಲಿ ಶುರುವಾದ ಆ ಪಾರ್ಕಿನ ಒಡೆತನ ಡಿಸ್ನಿಯದ್ದಲ್ಲ, ಓರಿಯಂಟಲ್ ಲ್ಯಾಂಡ್ ಅನ್ನುವ ಜಪಾನಿ ಕಂಪನಿಯದು. ಡಿಸ್ನಿಗೆ ಹೋಗುವುದು ಹೆಸರಿನ ಬಾಡಿಗೆ. ಗುಡಿಸುವವನಿಂದ ಹಿಡಿದು ಗೊಂಬೆ ರಿಪೇರಿಯವನವರೆಗೆ ಅವರ ಅಚ್ಚುಕಟ್ಟು ದೊಡ್ಡದು. ಹಾಗಂತ ಅವರು ಸಾಲಿಗೆ ದುಡ್ಡು ಹಾಕಿಲ್ಲ ಅಂತಲ್ಲ. 2022ರಲ್ಲಿ ಅವರೂ ಪ್ರೀಮಿಯರ್ ಆ್ಯಕ್ಸೆಸ್ ಮಾರಲು ಶುರು ಮಾಡಿದರು. ಆದರೆ ಮರುವರ್ಷ ಹಳೇ ಆಟಗಳಿಗೆ ಪುಕ್ಕಟೆ ಪಾಸನ್ನೂ ಪಕ್ಕದಲ್ಲಿ ಇಟ್ಟರು. ಜಪಾನಿನ ಅಭಿಮಾನಿಗಳೂ ಗೊಣಗುತ್ತಾರೆ. ಗೊಣಗದ ಅಭಿಮಾನಿ ಎಲ್ಲಿದ್ದಾನೆ?

ಬೆಂಗಳೂರಿನಿಂದ ಬಂದವರು ವಂಡರ್‌ಲಾ ವಿಷಯ ಎತ್ತುತ್ತಾರೆ. ಬಿಡದಿಯಲ್ಲಿ 2005ರಲ್ಲಿ ಶುರುವಾದದ್ದು. ಅಲ್ಲೂ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಇದೆ, ಜಾಸ್ತಿ ಕೊಟ್ಟರೆ ಬೇಗ. ಆದರೆ ಅಲ್ಲಿ ಒಂದು ಸರಳತೆ ಇದೆ. ಎರಡೇ ದರ್ಜೆ, ಬೋರ್ಡಿನಲ್ಲಿ ಬೆಲೆ, ಮುಗೀತು. ಬೆಳಿಗ್ಗೆ ಏಳಕ್ಕೆ ಅಲಾರಂ ಇಟ್ಟು ಎದ್ದು ಗುರುತು ಹಾಕುವ ತಾಪತ್ರಯ ಇಲ್ಲ. ಕೆಲವು ಆಟಗಳನ್ನು ಅವರೇ ತಯಾರಿಸುತ್ತಾರೆ ಅನ್ನುವುದೂ ನನಗೆ ಇಷ್ಟ. ಮಾಡಿದ ಕೈಯೇ ಹತ್ತಿರ ಇದ್ದರೆ ಕೆಟ್ಟಾಗ ಕಾಯಬೇಕಾಗುವುದಿಲ್ಲ.

ಗೆಳೆಯನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಕಾರಿನ ವಾದದಲ್ಲಿ ಅವಳು ಮಾತಾಡುವುದು ಕಡಿಮೆ. ಒಂದು ಸಲ ಮಾತ್ರ, "ನೀವಿಬ್ರೂ ಯಾಕೆ ಆ್ಯಪ್ ಆ್ಯಪ್ ಅಂತೀರಿ? ರೈಲು ಹತ್ತಿಸೋ ಆ ಹುಡುಗೀರಿಗೆ ಎಷ್ಟು ಸಂಬಳ ಕೊಡ್ತಾರೆ ಅಂತ ಯಾರಾದ್ರೂ ಕೇಳಿದೀರಾ?" ಅಂದಳು. ಇಬ್ಬರೂ ಬಾಯಿ ಮುಚ್ಚಿದೆವು. ಫ್ಲಾರಿಡಾದ ಈ ಕೆಲಸಗಾರರ ಯೂನಿಯನ್‌ಗಳು ಕನಿಷ್ಠ ಗಂಟೆಗೆ 18 ಡಾಲರ್ ಅನ್ನುವ ಒಪ್ಪಂದ ಗಿಟ್ಟಿಸಿದ್ದು 2023ರಲ್ಲಿ, ಅದೂ ಕಂಪನಿಯ ಮೊದಲ ಪ್ರಸ್ತಾಪಕ್ಕೆ ಮತ ಹಾಕಿ ಬೇಡ ಅಂದ ಮೇಲೆ. ನಿಮಿಷಕ್ಕೊಂದು ರೈಲು ಹೊರಡಿಸುವ ಕೈಗಳು ಅವು. ಪಳಗಿದವರು ಕೆಲಸ ಬಿಟ್ಟು ಹೋದರೆ ಆ ಹತ್ತು ಸೆಕೆಂಡು ತಾನಾಗೇ ಸೇರಿಕೊಳ್ಳುತ್ತದೆ.

ಏನು ಬೇಕು ಅಂತ ನನ್ನನ್ನು ಕೇಳಿದರೆ, ಮೊದಲು ಹತ್ತಿಸುವವರನ್ನು ಉಳಿಸಿಕೊಳ್ಳಲಿ. ಎರಡು ಮೂರು ವರ್ಷಕ್ಕೊಮ್ಮೆ ಗಟ್ಟಿಮುಟ್ಟಾದ, ಹೊಟ್ಟೆ ದೊಡ್ಡದಾದ ಒಂದು ಆಟ ಕಟ್ಟಲಿ. ಪೋಸ್ಟರಿನಲ್ಲಿ ಮಿಂಚದಿದ್ದರೂ ಪರವಾಗಿಲ್ಲ, ಗಂಟೆಗೆ ಎರಡು ಸಾವಿರ ಜನರನ್ನು ಸುಮ್ನೆ ಹೊತ್ತುಕೊಂಡು ಹೋದರೆ ಸಾಕು. ಮತ್ತೆ, ಪ್ರತಿ ಆಟದ ಬಾಗಿಲಲ್ಲಿ ಕಾಯುವ ನಿಮಿಷದ ಜೊತೆ ಇನ್ನೆರಡು ಸಂಖ್ಯೆ ಹಾಕಲಿ: ಕಳೆದ ಒಂದು ಗಂಟೆಯಲ್ಲಿ ಎಷ್ಟು ಜನ ಹತ್ತಿದರು, ಅದರಲ್ಲಿ ಎಷ್ಟು ಜನ ದುಡ್ಡು ಕೊಟ್ಟ ಸಾಲಿನಿಂದ ಬಂದರು. ಈ ಲೆಕ್ಕ ಅವರ ಹತ್ತಿರ ಆಗಲೇ ಇರುತ್ತದೆ, ಹೊಸದಾಗಿ ಏನೂ ಕಂಡುಹಿಡಿಯಬೇಕಾಗಿಲ್ಲ.

ಇದನ್ನು ಹೇಳಿದಾಗ ಗೆಳೆಯ ಸ್ಟೀರಿಂಗ್ ಮೇಲೆ ಕೈಯಿಟ್ಟು ಜೋರಾಗಿ ನಕ್ಕ. "ಅದನ್ನ ಬೋರ್ಡಲ್ಲಿ ಹಾಕಿದ್ರೆ ಎರಡರಲ್ಲಿ ಒಂದು ಆಗುತ್ತೆ. ಎಲ್ರೂ ಪಾಸ್ ತಗೋತಾರೆ, ಇಲ್ಲಾ ಯಾರೂ ಟಿಕೆಟ್ಟೇ ತಗೊಳ್ಳಲ್ಲ" ಅಂದ. ಮೊದಲನೆಯದೇ ಆಗಬಹುದು ಅಂತ ನನಗೂ ಅನುಮಾನ. ಎಲ್ಲರೂ ಪಾಸ್ ತಗೊಂಡ ದಿನ ಆ ಸಾಲೂ ಮಾಮೂಲಿ ಸಾಲಿನಷ್ಟೇ ಉದ್ದ ಆಗುತ್ತದೆ, ಆಗ ಇನ್ನೊಂದು ಹೊಸ ಹೆಸರಿನ ಪಾಸು ಬರುತ್ತದೆ ಅಂತ ನಾನಂದೆ. ಅದಕ್ಕೆ ಎಷ್ಟು ಬೆಲೆ ಇಡಬಹುದು ಅಂತ ಅವನು ಆಗಲೇ ಲೆಕ್ಕ ಹಾಕೋಕೆ ಶುರು ಮಾಡಿದ್ದ.